ಜುಲೈ ತಿಂಗಳಿಗೆ ಎಷ್ಟು ದಿನ?

ತಮ್ಮಾ, ಸೇಡಂನಲ್ಲಿ ನೀನು ಬಾಡಿಗೆಗೆ ಹಿಡಿದ ಕೋಣೆ ನೋಡಿ ಬಂದೆ. ಹೊಸ ಕಂಪ್ಯೂಟರು, ಪ್ರಿಂಟರು, ಗೋಡೆಗೆ ಲಕ್ಷ್ಮಿಯ ಫೋಟೋ, ಬಾಗಿಲ ಮೇಲೆ 'ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ರಿಟರ್ನ್ ಮಾಡಿಕೊಡಲಾಗುವುದು' ಎಂಬ ಬೋರ್ಡು. ಎಲ್ಲ ಛಲೋ ಇದೆ. ಕ್ಯಾಲೆಂಡರು ಮಾತ್ರ ಕಾಣಲಿಲ್ಲ. ಕೇಳಿದರೆ "ಮೊಬೈಲ್‌ದಾಗ ಅದಲ್ರೀ ಕಾಕಾ" ಅಂದೆ. ಮೊಬೈಲಿನ ಕ್ಯಾಲೆಂಡರು ನಿನಗೊಬ್ಬನಿಗೇ ಕಾಣುತ್ತದೆ. ಗೋಡೆಯದು ಎದುರಿನ ಕುರ್ಚಿಯಲ್ಲಿ ಕೂತ ಪಾರ್ಟಿಗೂ ಕಾಣುತ್ತದೆ. ನಮ್ಮ ಧಂದೆಯ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಮೊದಲು ಒಂದು ಭಾಗಾಕಾರ ಮಾಡೋಣ. ಸಂಬಳದವರಿಗೆ ಫಾರ್ಮ್ 16 ಸಿಗುವುದು ಜೂನ್ 15ರ ಸುಮಾರಿಗೆ. ಅಲ್ಲಿಂದ ಅವರ ರಿಟರ್ನಿನ ಕೊನೆಯ ದಿನ ಜುಲೈ 31ಕ್ಕೆ 46 ದಿನ. ಅದರಲ್ಲಿ ಆದಿತ್ಯವಾರ ಆರೇಳು. ಜುಲೈ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, ಮೂರು ತಿಂಗಳಿಗೊಮ್ಮೆ ಸಲ್ಲಿಸುವವರದು 13ಕ್ಕೆ, ಕಾಂಪೊಸಿಷನ್‌ನವರದು 18ಕ್ಕೆ, 3ಬಿ 20ಕ್ಕೆ, ತ್ರೈಮಾಸಿಕದವರ 3ಬಿ ನಮ್ಮ ರಾಜ್ಯಕ್ಕೆ 22ಕ್ಕೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ರಿಟರ್ನೂ ಅದೇ ಜುಲೈ 31ಕ್ಕೆ ಬಂದು ಕೂಡುತ್ತದೆ. ಇವೆಲ್ಲ ತಿಂದು ಉಳಿಯುವುದು ಹೆಚ್ಚೆಂದರೆ ಮೂವತ್ತು ದಿನ. ದಿನಕ್ಕೆ ಐದು ರಿಟರ್ನ್ ಎಚ್ಚರದಿಂದ ಮಾಡಬಲ್ಲೆ ಅಂದುಕೊ, 150 ಆಯಿತು. ನೀನು 280 ಮಂದಿಗೆ "ಹೂಂ, ಮಾಡ್ತೀನ್ರಿ" ಅಂದಿದ್ದರೆ, 130 ಮಂದಿಗೆ ಸುಳ್ಳು ಹೇಳಿದ ಹಾಗಾಯಿತು. ಮಳಖೇಡದಿಂದ ರಾಜ್ಯವಾಳಿದ ಅಮೋಘವರ್ಷನ ಕಾಲದಲ್ಲೇ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದು. ಆ ಮಳಖೇಡದ ಮಗ್ಗುಲಲ್ಲೇ ಅಂಗಡಿ ಇಟ್ಟವನು ಇಷ್ಟು ಸಣ್ಣ ಭಾಗಾಕಾರ ತಪ್ಪಬಾರದು.

ಅದಕ್ಕೇ ಹೇಳುವುದು, ಸರ್ಕಾರದ ಲಾಸ್ಟ್ ಡೇಟ್ ಸರ್ಕಾರಕ್ಕಿರಲಿ, ನಿನಗೆ ನಿನ್ನದೇ ಒಂದು ಇರಲಿ. ನಾನು ಜುಲೈ 15 ಇಟ್ಟುಕೊಂಡಿದ್ದೆ. ಅದರಾಚೆ ಬಂದ ಕಾಗದಕ್ಕೆ ಜುಲೈ 31ರ ಮಾತು ಕೊಡುತ್ತಿರಲಿಲ್ಲ. "ನೋಡ್ತೀನಿ, ಆದರೆ ಆಯಿತು, ಇಲ್ಲಂದ್ರ ದಂಡ ನಿಮ್ಮದು" ಎಂದು ಮೊದಲೇ ಹೇಳುತ್ತಿದ್ದೆ. ಮೊದಲ ವರ್ಷ ನಾಲ್ಕು ಮಂದಿ ಸಿಟ್ಟಾಗಿ ಬೇರೆಯವರ ಹತ್ತಿರ ಹೋದರು. ಮರುವರ್ಷ ಇಬ್ಬರು ಜೂನ್‌ನಲ್ಲೇ ಕಾಗದ ಹಿಡಿದು ಬಂದರು. ಇನ್ನಿಬ್ಬರು ಬರದೆ ಹೋದದ್ದೂ ನನಗೆ ಲಾಭವೇ ಆಯಿತು.

ಮುಂದೂಡುತ್ತಾರೆ ಎಂದು ಕೂತು ನೋಡಬೇಡ. 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 15ಕ್ಕೆ ಹೋಯಿತು, ಕೊನೆಗೆ ಇನ್ನೊಂದು ದಿನ ಸೇರಿ 16 ಆಯಿತು. ಒಂದೂವರೆ ತಿಂಗಳು ಸಿಕ್ಕಿತಲ್ಲ ಎಂದು ಕಾಲು ಚಾಚಿದವರೇ ಸೆಪ್ಟೆಂಬರ್ 15ರ ರಾತ್ರಿ ಪೋರ್ಟಲ್ ಮುಂದೆ ಕೂತು ಬೆವತರು. ದಿನ ಜಾಸ್ತಿಯಾದರೆ ಕೆಲಸ ಮುಗಿಯುತ್ತದೆ ಅನ್ನುವುದು ಸುಳ್ಳು. ಪಾರ್ಟಿ ಕಾಗದ ತರುವುದು ಕೊನೆಯ ವಾರಕ್ಕೇ, ಆ ವಾರ ಯಾವ ತಿಂಗಳಲ್ಲೇ ಬರಲಿ.

ಇನ್ನು ಮಂದಿಯನ್ನು ವಿಂಗಡಿಸಿಕೊ. ನಮ್ಮ ಕಡೆಯ ಪಾರ್ಟಿಗಳು ಒಂದೇ ಅಚ್ಚಿನವರಲ್ಲ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರು ಜೂನ್ ನಡುವೆ ಒಟ್ಟಿಗೇ ಬರುತ್ತಾರೆ, ಅವರ ಕೆಲಸ ಸರಳ. ಅವರು ಶಿಫ್ಟ್ ಬಿಟ್ಟು ನಿನ್ನ ಬಾಗಿಲಿಗೆ ಬರಲಿ ಎನ್ನುವ ಬದಲು, ಒಂದು ಆದಿತ್ಯವಾರ ಲ್ಯಾಪ್‌ಟಾಪ್ ಹಿಡಿದು ಅವರ ಕಾಲೋನಿಗೇ ಹೋಗು. ಒಬ್ಬನ ಮನೆಯ ಪಡಸಾಲೆಯಲ್ಲಿ ಕೂತರೆ ಹತ್ತು ಮಂದಿಯ ಕಾಗದ ಒಂದೇ ದಿನಕ್ಕೆ ಸಿಗುತ್ತದೆ, ಮೇಲೆ ಚಹಾ, ಚೂಡಾ.

ಚಿಂಚೋಳಿ ಕಡೆಯ ಮಾಸ್ತರರು ಏಪ್ರಿಲ್ ಮೊದಲ ವಾರಕ್ಕೇ ಬಂದು "ಮುಗಿಸಿಬಿಡ್ರಿ" ಅನ್ನುತ್ತಾರೆ. ಆಗ ಮುಗಿಸಬೇಡ. ಅವರ ಸಂಬಳದಲ್ಲಿ ಹಿಡಿದ ಕೊನೆಯ ತ್ರೈಮಾಸಿಕದ ಟಿಡಿಎಸ್ ಲೆಕ್ಕ ಕಚೇರಿಯಿಂದ ಹೋಗಲು ಮೇ 31ರ ತನಕ ಸಮಯವಿದೆ. ಅದು ಹೋಗಿ 26ಎಎಸ್‌ನಲ್ಲಿ ಮೂಡುವ ಮೊದಲೇ ರಿಟರ್ನ್ ಕಳಿಸಿದರೆ ಹಿಂದಿನಿಂದ ನೋಟಿಸು ಬರುತ್ತದೆ. ಏಪ್ರಿಲ್‌ನಲ್ಲಿ ಅವರ ಬೇರೆ ಕೆಲಸ ಮಾಡು: ಪ್ಯಾನ್‌ಗೆ ಆಧಾರ್ ಕೂಡಿದೆಯೇ, ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿದೆಯೇ, ಆಧಾರಿನ ಮೊಬೈಲ್ ನಂಬರು ಯಾರ ಕೈಯಲ್ಲಿದೆ. ಈ ಕೊನೆಯದು ಬಹಳ ಮುಖ್ಯ. ಜುಲೈ 30ರ ರಾತ್ರಿ ಓಟಿಪಿ ಹೈದರಾಬಾದಿನಲ್ಲಿರುವ ಮಗನ ಫೋನಿಗೆ ಹೋಗಿ, ಮಗ ನೈಟ್ ಶಿಫ್ಟಿನಲ್ಲಿದ್ದು, ಅಪ್ಪ ನಿನ್ನೆದುರು ಕೂತು ತೂಕಡಿಸುವ ಪ್ರಸಂಗ ಒಮ್ಮೆ ನೋಡಿದರೆ ಸಾಕು.

ಲಾರಿ ಮಾಲೀಕರು ಬಂದರೆ ಡೀಸೆಲ್ ಬಿಲ್ಲಿನ ಗಂಟು ಬಿಚ್ಚಿಸಬೇಡ. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರಿಗೆ ಅಂದಾಜು ಆದಾಯದ ದಾರಿಯಿದೆ, 44ಎಇ ಎಂದು ನಾವು ಕರೆಯುತ್ತ ಬಂದದ್ದು. 12 ಟನ್ ಮೀರಿದ ಗಾಡಿಗೆ ಟನ್ನಿಗೆ ತಿಂಗಳಿಗೆ 1000 ರೂಪಾಯಿ, ಉಳಿದವಕ್ಕೆ ಗಾಡಿಗೆ ತಿಂಗಳಿಗೆ 7500. ಹಾಗಾಗಿ ಮೊದಲು ಕೇಳಬೇಕಾದದ್ದು ಆರ್‌ಸಿ ಪುಸ್ತಕ ಮತ್ತು ಗಾಡಿ ಯಾವ ತಿಂಗಳು ಕೊಂಡದ್ದು, ಯಾವ ತಿಂಗಳು ಮಾರಿದ್ದು ಎಂಬ ವಿವರ. ಇದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮೇ ತಿಂಗಳಲ್ಲೇ ವಾಟ್ಸಾಪ್ ಮಾಡು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಸೆಕ್ಷನ್ ನಂಬರು ಬದಲಾಗಲಿ, ಕಾಗದ ಕೇಳಿ ತರಿಸುವ ಕೆಲಸ ಎಲ್ಲಿಗೂ ಹೋಗುವುದಿಲ್ಲ.

ತೊಗರಿ ಅಡತಿ ಅಂಗಡಿಯವರನ್ನೂ ಆಡಿಟ್‌ಗೆ ಬೀಳುವ ಉಳಿದವರನ್ನೂ ಜುಲೈನಲ್ಲಿ ಮುಟ್ಟಬೇಡ. ಆಡಿಟ್ ವರದಿಯ ತಾರೀಖು ಸಾಮಾನ್ಯವಾಗಿ ಸೆಪ್ಟೆಂಬರ್ 30, ಸಹಿ ಸಿಎ ಅವರದು. ಕಲಬುರಗಿಯ ಒಬ್ಬ ಒಳ್ಳೆಯ ಸಿಎ ಜೊತೆ ಮೊದಲೇ ಮಾತಾಡಿಕೊಂಡು, ಆಗಸ್ಟ್‌ನಲ್ಲಿ ಖಾತೆ ಕೀರ್ದಿ ಕೂಡಿಸಿ ಕಳಿಸು. ನಿನ್ನ ಕೈಗೆ ಮೀರಿದ್ದನ್ನು ಮೀರಿದೆ ಎಂದು ಒಪ್ಪಿಕೊಂಡರೆ ಪಾರ್ಟಿಗೆ ನಿನ್ನ ಮೇಲೆ ನಂಬಿಗೆ ಹೆಚ್ಚುತ್ತದೆ.

ಕೆಲವು ದಿನ ಮಂದಿ ಬರುವುದು ರಿಟರ್ನಿಗಲ್ಲ, ಹೆದರಿಕೆಗೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಚಹಾ ಅಂಗಡಿ, ತರಕಾರಿಯವರಿಗೆ ನೋಟಿಸು ಕೊಟ್ಟಾಗ, ನೋಟಿಸು ಬರದವರೂ ಕ್ಯೂಆರ್ ಕೋಡ್ ಹರಿದು ಹಾಕಿದರು. ಶಹಾಬಾದದ ಫರ್ಸಿ ಕಲ್ಲಿನವರಿಂದ ಪಾನ್ ಡಬ್ಬಿಯವರ ತನಕ ಎಲ್ಲರಿಗೂ ಒಂದೇ ಪ್ರಶ್ನೆ: "ನನಗೂ ಬರ್ತದೇನ್ರಿ?" ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ಎಂದು ತಿಳಿಸಿ ಹೇಳಲು ಒಬ್ಬೊಬ್ಬರಿಗೆ ಅರ್ಧ ತಾಸು ಬೇಕು. ಅವರನ್ನು ಬೈದು ಕಳಿಸಬೇಡ. ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡೂ ಮಾತಾಡಬೇಡ. ಸಂಜೆ ಐದರಿಂದ ಆರು ಬರೀ ಮಾತಿನ ಹೊತ್ತು ಎಂದು ಬೋರ್ಡಿನಲ್ಲಿ ಬರೆ. ಮುಂಜಾನೆ ಫೋನು ನಿನ್ನ ಕೈಯಲ್ಲಿರಬಾರದು, ಸಹಾಯಕ್ಕಿರುವ ಹುಡುಗ ಹುಡುಗಿಯರ ಕೈಯಲ್ಲಿರಲಿ.

2025ರ ಅದೇ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದಾದ್ಯಂತ 150 ಕಡೆ ತಪಾಸಣೆ ನಡೆಸಿತು. ಹಿಡಿದದ್ದು ನಮ್ಮಂಥವರನ್ನೇ: ಇಲ್ಲದ ಮನೆಬಾಡಿಗೆ, ಕೊಡದ ದೇಣಿಗೆ, ಕಟ್ಟದ ಇನ್ಶೂರೆನ್ಸ್ ತೋರಿಸಿ ರಿಫಂಡ್ ಕೊಡಿಸಿ, ಅದರಲ್ಲಿ ಪರ್ಸೆಂಟ್ ತಿನ್ನುವವರನ್ನು. ನಿನಗೂ ಒಬ್ಬ ಹೇಳುತ್ತಾನೆ, "ಅವ್ರು ಅರವತ್ತು ಸಾವಿರ ರಿಫಂಡ್ ತಂದ್‌ಕೊಟ್ಟಾರ, ನಿಮ್ಮ ಕೈಲಿ ಆಗಂಗಿಲ್ಲೇನು?" ಆಗ ಅವನಿಗೆ ತಪ್ಪು ಮಾಹಿತಿಯ ದಂಡ ತೆರಿಗೆಯ ಮೇಲೆ 200 ಪರ್ಸೆಂಟ್ ಎಂದು ಹೇಳು. ಇನ್ನೊಂದೂ ಹೇಳು: ರಿಟರ್ನ್‌ನಲ್ಲಿ ಇರುವುದು ಅವನ ಹೆಸರು, ಪರ್ಸೆಂಟ್ ತಿಂದವನದಲ್ಲ. ನಿನ್ನ ಫೀಸು ಕೆಲಸಕ್ಕೆ ಇರಲಿ, ರಿಫಂಡಿಗೆ ಬೇಡ. ಅರ್ಧ ಮೊದಲೇ ತಗೊ, ಉದ್ರಿ ಬರೆಯಬೇಡ. ಉದ್ರಿ ಇಟ್ಟವನು ಮರುವರ್ಷ ಕಾಗದ ತರುವುದನ್ನೂ ತಡಮಾಡುತ್ತಾನೆ.

12 ಲಕ್ಷದ ತನಕ ತೆರಿಗೆ ಇಲ್ಲ ಎಂದು ಕೇಳಿ "ಹಂಗಾರೆ ರಿಟರ್ನ್ ಯಾಕ್ರಿ?" ಎನ್ನುವವರೂ ಈಗ ಬಹಳ. ತೆರಿಗೆ ಇಲ್ಲದಿರುವುದು ಬೇರೆ, ರಿಟರ್ನ್ ಬೇಡದಿರುವುದು ಬೇರೆ ಎಂದು ತಾಳ್ಮೆಯಿಂದ ಹೇಳು. ಟಿಡಿಎಸ್ ಕಡಿತವಾದ ಲಾರಿಯವನಿಗಂತೂ ಅವನದೇ ದುಡ್ಡು ತಿರುಗಿ ಬರಬೇಕಾದರೆ ರಿಟರ್ನೇ ದಾರಿ.

ಈಗ ನನ್ನ ತಪ್ಪು ಹೇಳುತ್ತೇನೆ. ಇ-ವೆರಿಫೈ ಬರುವ ಮುಂಚೆ ರಿಟರ್ನ್ ಕಳಿಸಿದ ಮೇಲೆ ಐಟಿಆರ್-ವಿ ಎಂಬ ಒಂದು ಹಾಳೆಗೆ ಪಾರ್ಟಿಯ ಸಹಿ ಹಾಕಿಸಿ, 120 ದಿನದೊಳಗೆ ಬೆಂಗಳೂರಿನ ಸಿಪಿಸಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಒಂದು ವರ್ಷ ಜುಲೈ 31ರ ರಾತ್ರಿ ಎರಡು ಗಂಟೆಯ ತನಕ ಕೂತಿದ್ದೆ. ಒಬ್ಬ ಲಾರಿ ಮಾಲೀಕ ನಿಂತಲ್ಲೇ ಸಹಿ ಹಾಕಿ ಹೋದ. ಆ ಹಾಳೆ ನನ್ನ ಮೇಜಿನ ಡ್ರಾದಲ್ಲೇ ಉಳಿಯಿತು. ಡಿಸೆಂಬರಿನಲ್ಲಿ ತೊಗರಿ ರಾಶಿಯ ಹೊತ್ತಿಗೆ ಅವನು ಬಂದು "ರಿಫಂಡ್ ಬರಲಿಲ್ರಿ" ಅಂದಾಗ ಡ್ರಾ ಎಳೆದೆ. ಹಾಳೆ ಮೇಲೇ ಇತ್ತು, ದಿನ ದಾಟಿತ್ತು. ರಿಟರ್ನೇ ಮಾಡಿಲ್ಲದ ಹಾಗೆ. ಅವನ ಮುಂದೆ ಸರ್ವರ್ ಅಂತಲೋ ಅಂಚೆ ಅಂತಲೋ ಹೇಳಬಹುದಿತ್ತು. ನನ್ನದೇ ತಪ್ಪು ಎಂದು ಹೇಳಿ, ಅವನಿಗಾದ ನಷ್ಟ ಕೈಯಿಂದ ಕೊಟ್ಟೆ. ಅವನು ಇಂದಿಗೂ ನನ್ನ ಪಾರ್ಟಿ. ಈಗ ವೆರಿಫೈ ಮಾಡಲು ಇರುವುದು 30 ದಿನ ಮಾತ್ರ. ರಿಟರ್ನ್ ಕಳಿಸಿದೆ ಎಂದರೆ ಕೆಲಸ ಮುಗಿಯಲಿಲ್ಲ, ವೆರಿಫೈ ಆಗಿ ರಸೀದಿ ಅವನ ಕೈ ಸೇರಿದಾಗ ಮುಗಿಯಿತು.

ಹಾಗೆಯೇ ಪಾರ್ಟಿಯ ಪ್ರೊಫೈಲಿನಲ್ಲಿ ನಿನ್ನ ಮೊಬೈಲು, ನಿನ್ನ ಇಮೇಲು ಹಾಕಬೇಡ. ಸಲೀಸು ಎಂದು ಎಲ್ಲರೂ ಹಾಕುತ್ತಾರೆ. ದೋಷವಿರುವ ರಿಟರ್ನ್ ಎಂದು ನೋಟಿಸು ಬಂದರೆ ಉತ್ತರಕ್ಕೆ 15 ದಿನ. ನೀನು ಜ್ವರ ಬಂದು ಮಲಗಿದ್ದರೆ ಅವನಿಗೆ ಗೊತ್ತಾಗುವುದಾದರೂ ಹೇಗೆ?

ನಾನು ಪ್ರತಿ ವರ್ಷ ಜುಲೈ ಮುಗಿದ ಮೇಲೆ ಸನ್ನತಿಗೆ ಹೋಗುತ್ತೇನೆ. ಭೀಮೆಯಲ್ಲಿ ಮಿಂದು, ಚಂದ್ರಲಾಂಬೆಗೆ ಕೈಮುಗಿದು, ಕಲ್ಲಿನ ಮೇಲೆ ಒಂದು ತಾಸು ಮಲಗುತ್ತೇನೆ. 1986ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಛಾವಣಿ ಕುಸಿಯಿತು, ಆಮೇಲೆ ದೇವಿಯ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನಗಳು ಸಿಕ್ಕಿದವು. ಅದರಲ್ಲಿ ಅಧಿಕಾರಿಗಳಿಗೆಂದೇ ಬರೆಸಿದ ಶಾಸನಗಳ ಪಾಠವೂ ಇದೆ. ನಮ್ಮ ಕಲ್ಲಿನಲ್ಲಿ ಬಹಳಷ್ಟು ಒಡೆದು ಹೋಗಿದೆ, ಒಡಿಶಾದ ಧೌಲಿ, ಜೌಗಡಗಳಲ್ಲಿ ಹೆಚ್ಚು ಉಳಿದಿದೆ. ಜನರ ಕೆಲಸ ನೋಡುವವನು ಯಾವುದರಿಂದ ಕೆಡುತ್ತಾನೆ ಎಂದು ಅಶೋಕ ಅಲ್ಲಿ ಪಟ್ಟಿ ಕೊಡುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಕಠೋರತನ, ಅವಸರ, ಕೆಲಸದಲ್ಲಿ ಪಳಗದಿರುವುದು, ಆಲಸ್ಯ, ದಣಿವು. ಇವುಗಳ ಪೈಕಿ ಸಿಟ್ಟಿಗೂ ಅವಸರಕ್ಕೂ ದೊಡ್ಡ ಜಾಗ. ಕಳಿಂಗದ ಮಹಾಮಾತ್ರರಿಗೆ ಹೇಳಿದ್ದು, ನನಗೆ ಜುಲೈ ಕಡೆಯ ವಾರದ ನನ್ನ ಆಫೀಸಿನದೇ ವರ್ಣನೆ ಅನಿಸಿತು.

ದಣಿವನ್ನೂ ಅವನು ಪಟ್ಟಿಗೆ ಸೇರಿಸಿದ್ದು ನನಗೆ ಬಹಳ ಹಿಡಿಸಿತು. ನಾವು ದಣಿವನ್ನು ಬಿರುದಿನ ಹಾಗೆ ಹೇಳಿಕೊಳ್ಳುತ್ತೇವೆ, "ಮೂರು ದಿನ ನಿದ್ದೀನೇ ಇಲ್ಲ" ಅಂತ. ಅದು ಪಾರ್ಟಿಯ ದುಡ್ಡಿಗೆ ಬರುವ ಕಂಟಕ. ರಾತ್ರಿ ಒಂಬತ್ತರ ಮೇಲೆ ತುಂಬಬಹುದು, ಕಳಿಸಬೇಡ. ಮುಂಜಾನೆ ಎದ್ದು, ಬ್ಯಾಂಕ್ ಖಾತೆ ನಂಬರು, ಟಿಡಿಎಸ್ ಮೊತ್ತ, ಹಳೇ ಪದ್ಧತಿಯೋ ಹೊಸದೋ ಎಂಬ ಆಯ್ಕೆ, ಈ ಮೂರನ್ನು ಕಣ್ಣಾರೆ ನೋಡಿ ಆಮೇಲೆ ಒತ್ತು. ಸಹಾಯಕ್ಕಿರುವ ಹುಡುಗಿಯನ್ನು ಕತ್ತಲಾಗುವ ಮೊದಲು ಮನೆಗೆ ಕಳಿಸು. ಮಧ್ಯಾಹ್ನ ರೊಟ್ಟಿ ಬಿಚ್ಚಿದ ಮೇಲೆ ಓಟಿಪಿ ಕೇಳಬೇಡ.

ತಪ್ಪಿಸಿಕೊಂಡವರನ್ನು ಆಗಸ್ಟ್ 1ರಂದು ನೀನೇ ಕರೆ. ಡಿಸೆಂಬರ್ 31ರ ತನಕ ತಡವಾದ ರಿಟರ್ನ್ ಹಾಕಬಹುದು, 5 ಲಕ್ಷದೊಳಗಿನ ಆದಾಯಕ್ಕೆ 1000, ಮೇಲ್ಪಟ್ಟರೆ 5000 ತಡದ ಫೀಸು ಎಂದು ನೇರ ಹೇಳು. ಅವರಿಗೂ ಒಂದು ತಾರೀಖು ಕೊಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕು. ವೆರಿಫೈ ಆಗದೆ ಉಳಿದವರ ಪಟ್ಟಿಯನ್ನೂ ಅದರ ಪಕ್ಕಕ್ಕೇ ಅಂಟಿಸು.

ಅದೆಲ್ಲ ಆದ ಮೇಲೆ ಒಮ್ಮೆ ಮೇಜಿನ ಡ್ರಾ ಎಳೆದು ನೋಡು. ಈಗ ಯಾವ ಹಾಳೆಯೂ ಅಂಚೆಗೆ ಹೋಗಬೇಕಾಗಿಲ್ಲ, ಆದರೂ ನಾನು ಇಂದಿಗೂ ಎಳೆದು ನೋಡುತ್ತೇನೆ. ಖಾಲಿ ಇದ್ದರೆ ಬಾಗಿಲು ಹಾಕಿ ಬಾ, ಸನ್ನತಿ ಬಸ್ಸಿಗೆ ನಿನಗೂ ಒಂದು ಸೀಟು ಹಿಡಿದಿರುತ್ತೇನೆ.