ಗೊಂಬೆಯೊಳಗಿನ ಕೆಲಸ: ಐದನೇ ತರಗತಿಯ ಒಂದು ಮಾದರಿ ಪಾಠ ಮತ್ತು ಅದರ ನಂತರದ ಚರ್ಚೆ

ಪಾಠದ ಹಿನ್ನೆಲೆ

ಪರಿಸರ ಅಧ್ಯಯನದಲ್ಲಿ ವೃತ್ತಿಗಳ ಕುರಿತ ಕಲಿಕಾಂಶ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳು ಬಹುತೇಕ ಒಂದೇ ಅಚ್ಚಿನಲ್ಲಿರುತ್ತವೆ. ರೈತ, ಕುಂಬಾರ, ಬಡಿಗ, ವೈದ್ಯ, ಶಿಕ್ಷಕ ಎಂದು ಐದು ಚಿತ್ರಗಳ ಒಂದು ಪಟ. ಪ್ರತಿಯೊಂದರ ಕೆಳಗೆ ಎರಡು ವಾಕ್ಯ. ಕೊನೆಗೆ ಮೌಲ್ಯಮಾಪನಕ್ಕೆ 'ನಿಮ್ಮ ತಂದೆ ಏನು ಕೆಲಸ ಮಾಡುತ್ತಾರೆ?' ಎಂಬ ಪ್ರಶ್ನೆ. ಈ ಪ್ರಶ್ನೆ ಕೇಳಿದ ಕೂಡಲೇ ತರಗತಿ ಎರಡು ಭಾಗವಾಗುವುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುವವರು ಬೇಗ ಗುರುತಿಸುತ್ತಾರೆ. ಕೆಲವು ಮಕ್ಕಳು ಎದ್ದು ನಿಂತು ಗಟ್ಟಿಯಾಗಿ ಹೇಳುತ್ತಾರೆ. ಕೆಲವರು ಚೀಲದಲ್ಲಿ ಏನನ್ನೋ ಹುಡುಕತೊಡಗುತ್ತಾರೆ.

ಆಲಮಟ್ಟಿ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಾದರಿ ಪಾಠ ಕೊಡುವ ಸರದಿ ನನಗೆ ಬಂದಾಗ, ಪಟದಲ್ಲಿ ಇಲ್ಲದ ಒಂದು ವೃತ್ತಿಯನ್ನು ಆರಿಸಿಕೊಂಡೆ. ಹುಟ್ಟುಹಬ್ಬ, ಮದುವೆ, ಅಂಗಡಿ ಉದ್ಘಾಟನೆಗಳಲ್ಲಿ ಛೋಟಾ ಭೀಮ್, ಮಿಕ್ಕಿ ಮೌಸ್, ಡೋರೆಮಾನ್ ಅಥವಾ ಕರಡಿಯ ದೊಡ್ಡ ವೇಷದೊಳಗೆ ನಿಂತು ಮಕ್ಕಳ ಕೈ ಕುಲುಕುವವರ ವೃತ್ತಿ. ಮಕ್ಕಳ ಬಾಯಲ್ಲಿ ಅದು 'ಗೊಂಬಿ'. ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಲ್ಯಾಣ ಮಂಟಪಗಳಲ್ಲಿ ಅದನ್ನು ಕಾಣದ ಮಗು ಈಗ ವಿರಳ. ಕಂಡಿದ್ದಾರೆ, ಅಪ್ಪಿಕೊಂಡಿದ್ದಾರೆ, ಫೋಟೊ ತೆಗೆಸಿಕೊಂಡಿದ್ದಾರೆ. ಆದರೆ ಅದು ಒಂದು ಕೆಲಸ ಎಂದು ಯೋಚಿಸಿದವರು ಇಲ್ಲ. ಪಾತ್ರದ ಮೇಲಿರುವ ಮಕ್ಕಳ ಗಮನವನ್ನು ಕೆಲಸದ ಕಡೆಗೆ ತಿರುಗಿಸುವುದು, ಆದರೆ ಆ ಕೆಲಸ ಯಾರ ಮನೆಯದು ಎಂದು ಎಲ್ಲಿಯೂ ಕೇಳದಿರುವುದು: ಪಾಠ ಯೋಜನೆಯ ಉದ್ದೇಶದ ಜಾಗದಲ್ಲಿ ಇಷ್ಟನ್ನೇ ಬರೆದುಕೊಂಡಿದ್ದೆ.

ತರಗತಿಯಲ್ಲಿ ನಡೆದದ್ದು

ತೊಡಗಿಸುವ ಹಂತಕ್ಕೆ ಆಲಮಟ್ಟಿಯ ರಾಕ್ ಗಾರ್ಡನ್ ಸಾಕಾಯಿತು. ಅಲ್ಲಿನ ಪ್ರಾಣಿ ಶಿಲ್ಪಗಳನ್ನು ಎಲ್ಲರೂ ಬಲ್ಲರು. ಆ ಕರಡಿಗೂ ಮದುವೆಯಲ್ಲಿ ಬರುವ ಕರಡಿಗೂ ಏನು ವ್ಯತ್ಯಾಸ ಎಂದು ಕೇಳಿದೆ. 'ಅದು ಅಳ್ಳಾಡಂಗಿಲ್ರಿ, ಇದು ಕುಣೀತೈತ್ರಿ' ಎಂದಳು ಒಬ್ಬಳು. ಯಾಕೆ ಕುಣಿಯುತ್ತದೆ? 'ಒಳಗ ಮನಷ್ಯಾ ಇರ್ತಾನ್ರಿ ಅಕ್ಕೋರ.' ಅದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಒಬ್ಬ ಹುಡುಗ ತಾನು ಮಿಕ್ಕಿ ಮೌಸಿನ ಬಾಲ ಜಗ್ಗಿದ ಸಾಹಸವನ್ನು ವಿವರವಾಗಿ ಹೇಳಿದ. ತರಗತಿ ನಕ್ಕಿತು. ನಾನು ಅವನನ್ನು ತಿದ್ದಲಿಲ್ಲ. ತಿದ್ದಿದ್ದರೆ ಪಾಠ ಅಲ್ಲಿಗೆ ನೀತಿಬೋಧೆಯಾಗಿ ನಿಂತುಬಿಡುತ್ತಿತ್ತು.

ಅನ್ವೇಷಣೆಯ ಹಂತಕ್ಕೆ ಎರಡು ರಟ್ಟಿನ ಡಬ್ಬಿಗಳನ್ನು ಒಯ್ದಿದ್ದೆ. ಡಬ್ಬಿಯ ಒಂದು ಬದಿಗೆ ನಾಲ್ಕು ಬೆರಳಗಲದ ತೂತು, ಹಿಂಬದಿ ಪೂರ್ತಿ ತೆರೆದದ್ದು. (ಇದನ್ನು ಮಾಡಹೊರಡುವ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು: ಪ್ಲಾಸ್ಟಿಕ್ ಚೀಲವನ್ನು ಯಾವ ಕಾರಣಕ್ಕೂ ಬಳಸಕೂಡದು, ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ.) ಡಬ್ಬಿ ಹಾಕಿಕೊಂಡ ಮಗು ಮೂರು ಕೆಲಸ ಮಾಡಬೇಕು: ಸಾಲಿನ ನಡುವೆ ನಡೆಯುವುದು, ಮೂವರ ಕೈ ಕುಲುಕುವುದು, ನೆಲದ ಮೇಲಿನ ಡಸ್ಟರ್ ಎತ್ತುವುದು. ಮಾತಾಡುವಂತಿಲ್ಲ. ಉಳಿದವರು ಯಾವ ಕೆಲಸ ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಬರೆದುಕೊಳ್ಳಬೇಕು.

ಡಸ್ಟರ್ ಯಾರಿಗೂ ಬೇಗ ಸಿಗಲಿಲ್ಲ. ತೂತಿನಿಂದ ಎದುರು ಕಾಣುತ್ತದೆ, ಕಾಲು ಕಾಣುವುದಿಲ್ಲ. ಗಿಡ್ಡ ಮಕ್ಕಳು ಕೈ ಚಾಚಿದರೆ ಅವರು ಡಬ್ಬಿಯೊಳಗಿನವರಿಗೆ ಕಾಣುವುದೇ ಇಲ್ಲ. ಬಾಲ ಜಗ್ಗಿದ ಹುಡುಗನ ಸರದಿ ಬಂದಾಗ ಹಿಂದಿನಿಂದ ಯಾರೋ ಅವನ ಅಂಗಿ ಜಗ್ಗಿದರು. ನಾನು ತಡೆಯುವ ಮೊದಲೇ ಅವನು ಎರಡು ಸುತ್ತು ತಿರುಗಿದ. ಮಾತಾಡಬಾರದೆಂಬ ನಿಯಮ ನೆನಪಾಗಿ ಬಾಯಿ ಮುಚ್ಚಿಕೊಂಡು ನಿಂತ. ಅದರ ಬಗ್ಗೆ ನಾನು ಏನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಹುಡುಗನೊಬ್ಬ ಆಗ ಎದ್ದು ನಿಂತ. 'ಅಕ್ಕೋರ, ತೂತು ಮ್ಯಾಲ ಆಗೇತ್ರಿ. ಖರೇ ಗೊಂಬಿದಾಗ ಕಣ್ಣಾಗಿಂದ ಕಾಣೂದಿಲ್ರಿ, ಬಾಯಾಗಿಂದ ಕಾಣ್ತೈತ್ರಿ. ಬಾಯಿಗೆ ಜಾಳಗಿ ಇರ್ತೈತಿ.' ಹೇಗೆ ಇಳಿಸಬೇಕೆಂದು ಬಂದು ತೋರಿಸು ಎಂದೆ. ಬಂದ, ತೂತನ್ನು ಗದ್ದದ ಮಟ್ಟಕ್ಕೆ ತಂದು ಕೊಟ್ಟ. ಆಮೇಲೆ ಅವನೇ ಮುಂದುವರಿಸಿದ. ಗಾಳಿ ತುಂಬುವ ಗೊಂಬೆಗೆ ಒಳಗೆ ಫ್ಯಾನ್ ಇರುತ್ತದೆ, ಬ್ಯಾಟರಿ ಮುಗಿದರೆ ಇಡೀ ಗೊಂಬೆ ಮೈಮೇಲೆ ಕುಸಿಯುತ್ತದೆ. ಸ್ಪಂಜಿನ ಗೊಂಬೆಯ ತಲೆ ಭಾರ, ಬಗ್ಗಿದರೆ ಮುಂದಕ್ಕೆ ಎಳೆಯುತ್ತದೆ. 'ಹಿಂದ ಒಬ್ಬಾವ ನಿಂದರಬೇಕ್ರಿ, ಹುಡುಗೂರನ ಹಿಡ್ಯಾಕ.' ತರಗತಿ ಬಾಯಿ ತೆರೆದು ಕೇಳುತ್ತಿತ್ತು. ಬಾಲ ಜಗ್ಗಿದವನು, 'ಒಳಗ ಧಗಿ ಆಕ್ಕೈತೇನೋ?' ಎಂದು ಅವನನ್ನೇ ಕೇಳಿದ. ಪ್ರಶ್ನೆ ಶಿಕ್ಷಕಿಯ ಕಡೆಗೆ ಬರಲಿಲ್ಲ ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಬರೆದಿಡಬೇಕಾದದ್ದು ಅದೊಂದೇ.

ಧಗೆಯ ಮಾತು ವಿಜ್ಞಾನಕ್ಕೆ ದಾರಿ ಮಾಡಿತು. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ರೋಮದ ಬಟ್ಟೆ, ಸ್ಪಂಜು ಎರಡೂ ಗಾಳಿಯನ್ನು ಹಿಡಿದಿಡುತ್ತವೆ, ಬೆವರು ಆರುವುದಿಲ್ಲ. ಒಂದು ಕೈಗೆ ಒದ್ದೆ ಬಟ್ಟೆ ಸವರಿ ಊದಿಕೊಳ್ಳುವುದು, ಇನ್ನೊಂದಕ್ಕೆ ಸವರಿ ಟವೆಲ್ ಸುತ್ತುವುದು, ಇಷ್ಟೇ ಪ್ರಯೋಗ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಮದುವೆಗಳು ಹೆಚ್ಚಾಗಿ ಅದೇ ಹೊತ್ತಿನಲ್ಲಿ ನಡೆಯುವಾಗ, ಮಕ್ಕಳಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ವೀಕ್ಷಣಾ ಚರ್ಚೆ

ಪಾಠದ ನಂತರದ ಚರ್ಚೆ ಪಾಠಕ್ಕಿಂತ ಉದ್ದವಾಯಿತು. ಆ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಒಬ್ಬ ಪ್ರಶಿಕ್ಷಣಾರ್ಥಿ ಇದನ್ನು ಒಪ್ಪಲಿಲ್ಲ. ಅವನ ಮನೆಯವರು ಯಾರೋ ಈ ಕೆಲಸ ಮಾಡುತ್ತಿರಬೇಕು. ಅದನ್ನು ಅವನ ಬಾಯಿಂದಲೇ ಹೇಳಿಸಿ ಚಪ್ಪಾಳೆ ತಟ್ಟಿಸಿದ್ದರೆ ಶ್ರಮಗೌರವದ ಮೌಲ್ಯ ಸಾಧನೆಯಾಗುತ್ತಿತ್ತು ಎಂದರು. ನನ್ನ ಅಭಿಪ್ರಾಯ ಬೇರೆ. ಮನೆಯ ಸಂಗತಿಯನ್ನು ಹೇಳಬೇಕೋ ಬೇಡವೋ ಎಂಬ ಆಯ್ಕೆ ಆ ಮಗುವಿನದು. ಚಪ್ಪಾಳೆ ಪಾಠದ ಅವಧಿಯಲ್ಲಿ ಮುಗಿಯುತ್ತದೆ. ಅಡ್ಡಹೆಸರು ಏಳನೇ ತರಗತಿಯವರೆಗೂ ಉಳಿಯುತ್ತದೆ. ಅವನು ಬಲ್ಲವನಾಗಿ ನಿಂತ, ಅಷ್ಟು ಸಾಕು.

ಆಗ ಒಬ್ಬ ಪ್ರಶಿಕ್ಷಣಾರ್ಥಿನಿ ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. 'ನಾವು ಕೇಳದೇ ಇದ್ದರೆ ಅದು ಮುಚ್ಚಿಡುವ ವಿಷಯ ಅಂತ ನಾವೇ ಕಲಿಸಿದ ಹಾಗಾಗುವುದಿಲ್ಲವೇ, ಮೇಡಮ್?' ಆಗಬಹುದು. ಕೇಳದಿರುವುದು ಮತ್ತು ಮುಜುಗರದಿಂದ ಮಾತು ತಿರುಗಿಸುವುದು ಬೇರೆ ಬೇರೆ ಎಂದಷ್ಟೇ ಹೇಳಿದೆ. ಮಗು ತಾನಾಗಿ ಹೇಳಿದ ದಿನ, ರೈತನ ಕೆಲಸದ ಬಗ್ಗೆ ಕೇಳುವಷ್ಟೇ ಸಹಜವಾಗಿ ಮುಂದಿನ ಪ್ರಶ್ನೆ ಕೇಳಲು ನಾವು ತಯಾರಿರಬೇಕು.

ಎರಡನೇ ಅವಧಿ: ಹಗಲುವೇಷ

ಮರುದಿನದ ಅವಧಿಯಲ್ಲಿ ಗೊಂಬೆಗಿಂತ ಹಳೆಯ ವೇಷಗಳಿಗೆ ಹೋದೆವು. ನಮ್ಮ ಭಾಗದಲ್ಲಿ ಹಗಲುವೇಷದವರು ಊರೂರು ತಿರುಗುತ್ತಿದ್ದರು. ರಂಗಮಂಚವಿಲ್ಲ, ಪರದೆಯಿಲ್ಲ, ಬಿಸಿಲಿನಲ್ಲೇ ಬಣ್ಣ, ಬೀದಿಯಲ್ಲೇ ಆಟ. ಹಾರ್ಮೋನಿಯಂ, ತಬಲಾ, ತಾಳ ಹಿಮ್ಮೇಳಕ್ಕೆ. ಹೆಣ್ಣುಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಒಂದೇ ಊರಿನಲ್ಲಿ ಕೆಲವು ದಿನ ತಂಗಿ ದಿನಕ್ಕೊಂದು ವೇಷ ಹಾಕಿ, ಕೊನೆಯ ದಿನ ಕಾಳುಕಡಿ, ಬಟ್ಟೆ, ಹಣ ಸಂಗ್ರಹಿಸಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದರು. ಈ ಕಲೆಯನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ಬಂದವರಲ್ಲಿ ಬುಡ್ಗ ಜಂಗಮ ಸಮುದಾಯದವರು ಪ್ರಮುಖರು. ಹಳೇ ಮೈಸೂರು ಸೀಮೆಯ ಗಾರುಡಿ ಗೊಂಬೆಯ ಚಿತ್ರವನ್ನೂ ತೋರಿಸಿದೆ. ಬಿದಿರಿನ ಒಡಲೊಳಗೆ ಮನುಷ್ಯ ಹೊಕ್ಕು ಕುಣಿಯುವ ಅದನ್ನು ನೋಡಿದ ಕೂಡಲೇ 'ಇದಕ್ಕೂ ಎದಿ ಹಂತ್ಯಾಕ ತೂತು ಇರಬೇಕ್ರಿ' ಎಂದು ಹುಡುಕತೊಡಗಿದರು. ನಿನ್ನೆಯ ಡಬ್ಬಿಯ ಫಲ.

ಇಲ್ಲಿ ಶಿಕ್ಷಕರು ಮೊದಲೇ ತಿಳಿದಿರಬೇಕಾದ ತೊಡಕೊಂದಿದೆ. 'ಹಗಲುವೇಷ' ಎಂಬ ಶಬ್ದವೇ ಕನ್ನಡದಲ್ಲಿ ಬೈಗುಳವಾಗಿದೆ. ರಾಜಕಾರಣಿಯ ಕಪಟಕ್ಕೆ ಪತ್ರಿಕೆಗಳು ಅದನ್ನೇ ಬಳಸುತ್ತವೆ, ಮನೆಯಲ್ಲಿ ಸುಳ್ಳು ಹೇಳಿದ ಮಗುವಿಗೂ ಅದೇ ಮಾತು. ಕಲೆಯ ಹೆಸರು ಮೋಸದ ಹೆಸರಾದದ್ದು ಆ ಸಮುದಾಯದ ಮಗುವಿಗೆ ಕೇಳಿಸುವ ಬಗೆ ಬೇರೆ. ಹಾಗಾಗಿ ಶಬ್ದವನ್ನು ಕರಿಹಲಗೆಯ ಮೇಲೆ ಬರೆದು ಬಿಡಿಸಿದೆ: ಹಗಲು, ವೇಷ. ರಾತ್ರಿಯ ಆಟಕ್ಕೆ ದೀಪದ ಮಬ್ಬು ನೆರವಾಗುತ್ತದೆ; ಹಗಲಿನಲ್ಲಿ ಬಣ್ಣದ ಗೆರೆ ಒಂದೊಂದೂ ಕಾಣುತ್ತದೆ. ಹಗಲಿನಲ್ಲಿ ವೇಷ ಹಾಕುವುದು ಕಷ್ಟವೋ ಸುಲಭವೋ ಎಂದು ಕೇಳಿದ್ದಕ್ಕೆ ಮಕ್ಕಳು ಒಕ್ಕೊರಲಿನಿಂದ ಕಷ್ಟ ಎಂದರು.

ಉಡುಪಿಯ ರವಿ ಕಟಪಾಡಿಯವರ ಬಗ್ಗೆಯೂ ಹೇಳಿದೆ. ಕೂಲಿ ಕೆಲಸ ಮಾಡುವ ಅವರು ಕೃಷ್ಣಾಷ್ಟಮಿಯಲ್ಲಿ ಹಾಲಿವುಡ್ ಸಿನಿಮಾಗಳ ವಿಚಿತ್ರ ಜೀವಿಗಳಂಥ ವೇಷ ಹಾಕಿ, ಸಂಗ್ರಹವಾದ ಹಣವನ್ನು ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿದ್ದಾರೆ. ಆ ವೇಷ ಹಾಕಲು ಎಷ್ಟು ತಾಸು ಬೇಕು, ಊಟ ಹೇಗೆ ಎಂಬುದೇ ಮಕ್ಕಳ ಮೊದಲ ಪ್ರಶ್ನೆ. ಸಿನಿಮಾ ಯಾವುದು ಎಂದು ಯಾರೂ ಕೇಳಲಿಲ್ಲ.

ಆಮೇಲೆ ಬಂತು ನಿಜದ ಪ್ರಶ್ನೆ. 'ಮದವಿಗೆ ಬರೂ ಛೋಟಾ ಭೀಮ್ ಖರೇ ಅಲ್ರಿ' ಎಂದ ಒಬ್ಬ. ಹೇಗೆ ಗೊತ್ತು? 'ಭೀಮ್ ಅಂಗಿ ಹಾಕೂದಿಲ್ರಿ. ಇವ ಹಾಕ್ಯಾನ್ರಿ.' ಹಾಗಾದರೆ ಖರೇ ಭೀಮ್ ಯಾರದು? ಟೀವಿಯವರದು. ಕೂಡಲೇ ಒಬ್ಬಳು, 'ಯಲಗೂರ ಹನಮಪ್ಪನ ವೇಷಾ ಹಾಕಬೇಕಂದ್ರ ಯಾರಿಗೆ ಕೇಳಬೇಕ್ರಿ?' ಎಂದಳು. ಯಾರಿಗೂ ಕೇಳಬೇಕಿಲ್ಲ, ಹನುಮಂತ ಎಲ್ಲರವನು ಎಂದು ಮಕ್ಕಳೇ ತೀರ್ಮಾನಿಸಿದರು. ಐದನೇ ತರಗತಿಗೆ ಇಷ್ಟು ಸಾಕು. ಪ್ರಶಿಕ್ಷಣಾರ್ಥಿಗಳಿಗೆ ಇನ್ನಷ್ಟು ಬೇಕು, ಏಕೆಂದರೆ ಶಾಲಾ ವಾರ್ಷಿಕೋತ್ಸವದಲ್ಲಿ ಇದೇ ಪಾತ್ರಗಳು ವೇದಿಕೆಗೆ ಬರುತ್ತವೆ. ಛೋಟಾ ಭೀಮ್ 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾದ ಸರಣಿ. ರಾಜೀವ್ ಚಿಲಕ ಅವರ, ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ಸೃಷ್ಟಿ. ಇಂಥ ಪಾತ್ರದ ಚಿತ್ರರೂಪಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ. ಅದೇ ಕಾಯ್ದೆಯ 52ನೇ ಕಲಮು ಶಾಲೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಶಾಲಾ ಚಟುವಟಿಕೆಯಾಗಿ, ತಮ್ಮವರ ಮತ್ತು ಪೋಷಕರ ಮುಂದೆ ನಾಟಕ, ಸಂಗೀತ ಪ್ರದರ್ಶಿಸಲು ವಿನಾಯಿತಿ ಕೊಡುತ್ತದೆ. ವೇಷ ಹೊಲಿದು ಮಾರುವುದಕ್ಕೆ, ಬಾಡಿಗೆಗೆ ಬಿಡುವುದಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ವೇಷದೊಳಗೆ ದಿನಗೂಲಿಗೆ ನಿಂತವನು ಸಾಮಾನ್ಯವಾಗಿ ಅದನ್ನು ಹೊಲಿದವನೂ ಅಲ್ಲ, ಬಾಡಿಗೆಗೆ ಬಿಟ್ಟವನೂ ಅಲ್ಲ. 'ನಕಲಿ' ಎಂಬ ಮಾತು ಮಕ್ಕಳ ಬಾಯಿಗೆ ಬಂದಾಗ ಅದು ಬಟ್ಟೆಗೆ ಸಲ್ಲಬೇಕೋ ಒಳಗಿನವನಿಗೋ ಎಂದು ಬೇರ್ಪಡಿಸುವುದು ಶಿಕ್ಷಕರ ಕೆಲಸ.

ಕಿರಿಯ ತರಗತಿಗಳಿಗೆ

ಇದೇ ಪಾಠವನ್ನು ನಲಿಕಲಿಗೆ, ಅಂಗನವಾಡಿಗೆ ಒಯ್ಯಬಹುದೇ ಎಂದು ಕೆಲವರು ಕೇಳಿದರು. ರೀಟಾ ಡಿವ್ರೀಸ್ 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮೂರರಿಂದ ಆರು ವರ್ಷದ ಮಕ್ಕಳ ಎದುರು ಮೇನಾರ್ಡ್ ಎಂಬ ಸಾಧು ಬೆಕ್ಕಿಗೆ ನಾಯಿಯ ಮುಖವಾಡ ತೊಡಿಸಿದರು. ತೊಡಿಸುವಾಗ ಬೆಕ್ಕಿನ ಮುಂಭಾಗ ಮರೆಯಲ್ಲಿತ್ತು, ಬಾಲ ಮಾತ್ರ ಕಾಣುತ್ತಲೇ ಇತ್ತು. ಆದರೂ ಮೂರು ವರ್ಷದವರಲ್ಲಿ ಅನೇಕರು ಅದು ನಾಯಿಯೇ ಆಯಿತೆಂದು ನಂಬಿದರು. ಆರು ವರ್ಷದ ಹೊತ್ತಿಗೆ ಬೆಕ್ಕು ಬೆಕ್ಕೇ ಎಂಬ ತಿಳಿವಳಿಕೆ ಬಂದಿತ್ತು. ಆದ್ದರಿಂದ ಗೊಂಬೆ ಕಂಡು ಅಳುವ ಅಂಗನವಾಡಿ ಮಗುವಿಗೆ 'ಒಳಗೆ ಮಾಮಾ ಇದ್ದಾನೆ' ಎಂಬ ಸಮಾಧಾನ ಕೆಲಸ ಮಾಡದಿದ್ದರೆ ಅಚ್ಚರಿಯಿಲ್ಲ. ಅಲ್ಲಿಗೆ ಈ ಪಾಠ ಬೇಡ. ಎರಡು ಮೂರನೇ ತರಗತಿಗೆ ಡಬ್ಬಿಯ ಚಟುವಟಿಕೆ ಮಾತ್ರ ಆದೀತು.

ಮೌಲ್ಯಮಾಪನ

ಲಿಖಿತ ಪರೀಕ್ಷೆಯ ಬದಲು ಪ್ರತಿ ಮಗುವಿಗೆ ಒಂದು ಚೀಟಿ ಕೊಟ್ಟೆ. ಗೊಂಬೆಯೊಳಗಿನವರಿಗೆ ಕೇಳಬೇಕಾದ ಒಂದು ಪ್ರಶ್ನೆ ಬರೆಯಬೇಕು, ಹೆಸರು ಬರೆಯುವಂತಿಲ್ಲ. ಕೆಳಗೆ ಬಿದ್ದರೆ ಹೇಗೆ ಏಳುತ್ತೀರಿ? ಮೂಗು ತುರಿಸಿದರೆ ಏನು ಮಾಡುತ್ತೀರಿ? ತಾಸಿಗೆ ಎಷ್ಟು ಕೊಡುತ್ತಾರೆ? ನೀರು ಯಾವಾಗ ಕುಡಿಯುತ್ತೀರಿ? ಬಾಲ ಜಗ್ಗಿದರೆ ಸಿಟ್ಟು ಬರುತ್ತದೆಯೇ? ಹಲವು ಚೀಟಿಗಳಲ್ಲಿ ಒಂದೇ ಪ್ರಶ್ನೆ ಇತ್ತು: ಹುಟ್ಟುಹಬ್ಬದ ಕೇಕ್ ನಿಮಗೂ ಕೊಡುತ್ತಾರೇನ್ರಿ? ಕೂಲಿಯ ಪ್ರಶ್ನೆಯನ್ನು ಮುಂದಿನ ವಾರದ ಗಣಿತ ಪಾಠಕ್ಕೆ ಒಬ್ಬ ಪ್ರಶಿಕ್ಷಣಾರ್ಥಿ ಎತ್ತಿಕೊಂಡಿದ್ದಾರೆ. ಬಾಡಿಗೆ, ಪ್ರಯಾಣ, ಬ್ಯಾಟರಿ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ. ಉಳಿದ ಚೀಟಿಗಳು ಕಾಲೇಜಿನ ಕಲಿಕೋಪಕರಣಗಳ ಕಪಾಟಿನಲ್ಲಿ ಡಬ್ಬಿಗಳ ಜೊತೆಗಿವೆ. ಬೇಕಾದವರು ಒಯ್ಯಬಹುದು, ತೂತನ್ನು ಗದ್ದದ ಮಟ್ಟಕ್ಕೇ ಇಟ್ಟಿದ್ದೇವೆ.