ನಿಂಬೆಯ ತೋಟದಲ್ಲಿ ಶತ್ರು-ಮಿತ್ರ ವಿವೇಕ

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಸಿದ್ಧವಾದುದು 1972ರಲ್ಲಿ. ನೀರು ಕಂಡ ನೆಲದಲ್ಲಿ ಹಣ್ಣಿನ ತೋಟದ ಆಸೆ ಮೂಡುವುದು ಸಹಜ. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ನಿಂಬೆಯು ಭೌಗೋಳಿಕ ಸೂಚಕದ ಮನ್ನಣೆ ಪಡೆದು, 2025ರಲ್ಲಿ ಅರಬ್ ಸಂಯುಕ್ತ ಸಂಸ್ಥಾನಕ್ಕೂ ರಫ್ತಾಯಿತು. ಆದರೆ ಹೊರನಾಡಿಗೆ ಸಾಗುವ ಹಣ್ಣಿಗೆ ಎರಡು ಪರೀಕ್ಷೆಗಳುಂಟು: ಅದರ ಮೇಲೆ ಜೀವಂತ ಕೀಟವಿರಕೂಡದು, ಕೀಟವನ್ನು ಕೊಂದ ವಿಷದ ಶೇಷವೂ ಮಿತಿಮೀರಿ ಉಳಿದಿರಕೂಡದು. ಆದುದರಿಂದ ಕೇವಲ ಔಷಧಿಯ ಬಲದಿಂದ ಈ ಕಾರ್ಯ ಸಾಧ್ಯವಾಗದು.

ಮೊದಲು ಚಿಗುರಿನ ವಿಚಾರ. ಒಣಗಿದ ತೋಟಕ್ಕೆ ನೀರು ಹಾಯಿಸಿದೊಡನೆ ಗಿಡವು ಎಳೆಚಿಗುರು ಬಿಡುತ್ತದೆ. ರಂಗೋಲಿ ಹುಳು ಆ ಎಲೆಯೊಳಗೆ ಸುರಂಗ ಕೊರೆಯುತ್ತದೆ. ಆ ಗಾಯದ ಮೂಲಕ ಕಜ್ಜಿರೋಗದ ಸೂಕ್ಷ್ಮಾಣುಗಳು ಒಳಸೇರುತ್ತವೆ. ಕಜ್ಜಿ ತಗುಲಿದ ಹಣ್ಣನ್ನು ಯುರೋಪಿನ ದೇಶಗಳು ಒಳಬಿಡುವುದಿಲ್ಲ. ಚಿಗುರೊಡೆದ ದಿನಗಳಲ್ಲಿಯೇ ಬೇವಿನ ಕಷಾಯ ಸಿಂಪಡಿಸುವುದು ಹಿತಕರ. 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರು ದ್ರಾವಣ ಮಾಡತಕ್ಕದ್ದು.

ಎರಡನೆಯದು ರಸಹೀರುವ ಕೀಟಗಳು. 1880ರ ದಶಕದಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಒಂದು ಬಿಳಿಯ ಶಲ್ಕಕೀಟದಿಂದ ನಾಶದ ಅಂಚಿಗೆ ಬಂದಿದ್ದವು. ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞನು ಆಸ್ಟ್ರೇಲಿಯಾದಿಂದ ಕಳುಹಿಸಿದ ಗುಲಗಂಜಿ ಹುಳುಗಳು ಆ ಕೀಟವನ್ನು ತಿಂದು ತೋಟಗಳನ್ನುಳಿಸಿದವು. ಅದೇ ಬಳಗದ ಇನ್ನೊಂದು ಆಸ್ಟ್ರೇಲಿಯನ್ ಹುಳು 1898ರಲ್ಲಿ ಭಾರತಕ್ಕೆ ಬಂದಿತು. ಹಿಟ್ಟುತಿಗಣೆಯೇ ಅದರ ಮುಖ್ಯ ಆಹಾರ. ಕುಂಬಳಕಾಯಿಯ ಮೇಲೆ ಹಿಟ್ಟುತಿಗಣೆ ಬೆಳೆಸಿ, ಅದನ್ನುಣಿಸಿ ಈ ಹುಳುವನ್ನು ಸಾಕುವ ಕ್ರಮ ಈಗ ರೂಢಿಯಲ್ಲಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಸಿಹಿ ಅಂಟಿನ ಆಸೆಯಿಂದ ಇರುವೆಗಳು ಹಿಟ್ಟುತಿಗಣೆಯನ್ನು ಕಾಯುತ್ತವೆ, ಗುಲಗಂಜಿ ಹುಳುವನ್ನು ಅಟ್ಟುತ್ತವೆ. ಆದಕಾರಣ ನೆಲ ಮುಟ್ಟುವ ಕೊಂಬೆಗಳನ್ನು ಸವರಿ, ಇರುವೆಗೂಡುಗಳನ್ನು ನಿವಾರಿಸಬೇಕು. ಇನ್ನೊಂದು: ಈ ಉಪಕಾರಿ ಹುಳುವಿನ ಮರಿಯ ಮೈಮೇಲೆ ಮೇಣದ ಬಿಳಿ ಎಳೆಗಳಿದ್ದು, ಅದು ಹಿಟ್ಟುತಿಗಣೆಯಂತೆಯೇ ತೋರುತ್ತದೆ. ಭೇದವರಿಯದ ರೈತನು ಮಿತ್ರನ ಮೇಲೆಯೇ ವಿಷ ಸುರಿಯುವನು. ಮರಿಯು ಚುರುಕಾಗಿ ಹರಿದಾಡುತ್ತದೆ. ತಿಗಣೆಯು ಬಹುಮಟ್ಟಿಗೆ ಒಂದೆಡೆ ಗುಂಪಾಗಿ ಅಂಟಿಕೊಂಡಿರುತ್ತದೆ.

ಭೂತಗನ್ನಡಿಯೊಂದಿದ್ದರೆ ಈ ಭೇದವನ್ನು ಶಾಲೆಯ ಹಿತ್ತಲಿನಲ್ಲಿಯೇ ಕಲಿಸಬಹುದು. ಮಲಪ್ರಭೆಯ ನೀರುಂಡ ಹೊಲಗಳಿಂದ ಬರುವ ಮಕ್ಕಳು ಅದನ್ನು ಕಲಿತು ಮನೆಗೊಯ್ದರೆ, ಸಿಂಪಡಣೆಯ ಖರ್ಚೂ ತಗ್ಗೀತು, ಹಣ್ಣೂ ಪರೀಕ್ಷೆಯಲ್ಲಿ ಗೆದ್ದೀತು.