ಶಾಲಾ ಕಟ್ಟಡವೂ ಮತದಾರರು ಒಪ್ಪಿದ ಸಾಲವೂ

ಶಾಲೆಯನ್ನು ನಡೆಸುವವರಿಗೆ ಉಪಾಧ್ಯಾಯರ ಸಂಬಳಕ್ಕಿಂತಲೂ ಒಮ್ಮೊಮ್ಮೆ ಹೆಚ್ಚಿನ ಚಿಂತೆಯನ್ನುಂಟುಮಾಡುವ ವಿಷಯವೆಂದರೆ ಕಟ್ಟಡ. ಸಂಬಳವು ತಿಂಗಳು ತಿಂಗಳಿಗೆ ಬರುವ ವೆಚ್ಚ. ಅದನ್ನು ಹೇಗಾದರೂ ತೂಗಿಸಬಹುದು. ಕಟ್ಟಡದ ವೆಚ್ಚವಾದರೋ ಒಮ್ಮೆಗೇ ಬಂದು ಎದುರಿಗೆ ನಿಲ್ಲುತ್ತದೆ. ಗಡಿನಾಡಿನ ಕನ್ನಡ ಶಾಲೆಗಳ ಪೋಷಕರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಕಟ್ಟಡನಿಧಿಯೆಂದು ರಸೀತಿ ಪುಸ್ತಕವನ್ನು ಅಚ್ಚು ಹಾಕಿಸಿ, ಊರೂರು ತಿರುಗಿ, ಉದಾರಿಗಳ ಮನೆಬಾಗಿಲಿಗೆ ಹೋಗಿ, ಕೊಟ್ಟವರ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸುವುದು ನಮ್ಮಲ್ಲಿ ಬಳಕೆಯಲ್ಲಿರುವ ದಾರಿ. ದಾನವು ದೊಡ್ಡ ಗುಣವೇ ಸರಿ. ಆದರೆ ದಾನಿಯು ಸಿಕ್ಕಿದ ವರ್ಷ ಕೊಠಡಿ ಏಳುತ್ತದೆ. ಸಿಕ್ಕದ ವರ್ಷ ಸೂರು ಸೋರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ್ವಜನಿಕ ಶಾಲೆಗಳ ಕಟ್ಟಡಕ್ಕೆ ಹಣ ಒದಗಿಸುವ ಕ್ರಮ ಬೇರೆ. ಅಲ್ಲಿ ಊರಿನವರು ಮತ ಹಾಕಿ, ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆಯನ್ನು ಹೇರಿಕೊಂಡು, ಆ ತೆರಿಗೆಯ ಆಧಾರದಿಂದ ಸಾಲವೆತ್ತಿ ಶಾಲೆಯನ್ನು ಕಟ್ಟುತ್ತಾರೆ. ಈ ಪದ್ಧತಿಯು ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ನ್ಯಾಯ ಸಿಕ್ಕುತ್ತದೆ, ಯಾರಿಗೆ ಸಿಕ್ಕುವುದಿಲ್ಲ ಎಂಬುದನ್ನು ಇಲ್ಲಿ ವಿಚಾರಿಸೋಣ. ರಾಜ್ಯ ರಾಜ್ಯಕ್ಕೂ ನಿಯಮಗಳು ಬೇರೆಯಾಗಿರುವುದರಿಂದ ಕ್ಯಾಲಿಫೋರ್ನಿಯ ಒಂದನ್ನೇ ಉದಾಹರಣೆಗೆ ತೆಗೆದುಕೊಂಡಿದೆ.

ಅಲ್ಲಿ ‘ಶಾಲಾ ಜಿಲ್ಲೆ’ ಎಂದರೆ ನಮ್ಮ ಕಲೆಕ್ಟರರ ಜಿಲ್ಲೆಯಲ್ಲ. ಶಾಲೆಗಳ ಆಡಳಿತಕ್ಕೆಂದೇ ಎಲ್ಲೆ ಗೊತ್ತುಮಾಡಿದ ಒಂದು ಪ್ರದೇಶವದು. ಲಾಸ್ ಏಂಜಲಿಸ್‌ನಂತಹ ಮಹಾನಗರವೂ ಒಂದು ಶಾಲಾ ಜಿಲ್ಲೆ. ಒಂದೇ ಒಂದು ಶಾಲೆಯುಳ್ಳ ಹಳ್ಳಿಯೂ ಒಂದು ಶಾಲಾ ಜಿಲ್ಲೆ. ಕ್ಯಾಲಿಫೋರ್ನಿಯದಲ್ಲಿ ಇಂತಹವು ಒಂಬೈನೂರಕ್ಕೂ ಹೆಚ್ಚು ಇವೆ. ಪ್ರತಿಯೊಂದಕ್ಕೂ ಜನರಿಂದ ಚುನಾಯಿತವಾದ ಮಂಡಳಿಯೊಂದುಂಟು. ದಿನದ ಆಡಳಿತವೆಲ್ಲ ಮಂಡಳಿಯ ಕೈಯಲ್ಲಿದ್ದರೂ, ಆಸ್ತಿತೆರಿಗೆಯನ್ನು ಆಧಾರವಾಗಿಟ್ಟು ದೀರ್ಘಕಾಲದ ಸಾಲವೆತ್ತುವ ಅಧಿಕಾರ ಮಾತ್ರ ಅದಕ್ಕಿಲ್ಲ. ಎಷ್ಟು ಸಾಲ, ಯಾವ ಕೆಲಸಕ್ಕೆ ಎಂಬುದನ್ನು ಬರೆದು ಮತಪತ್ರದ ಮೇಲೆ ಮುದ್ರಿಸಿ ಜಿಲ್ಲೆಯ ಮತದಾರರೆಲ್ಲರ ಮುಂದಿಡಬೇಕು. ಮಕ್ಕಳಿದ್ದವರು, ಇಲ್ಲದವರು, ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುವವರು, ಎಲ್ಲರಿಗೂ ಮತವುಂಟು.

ಜನರು ಒಪ್ಪಿದರೆ ಜಿಲ್ಲೆಯ ಹೆಸರಿನಲ್ಲಿ ಸಾಲಪತ್ರಗಳನ್ನು, ಅಂದರೆ ಬಾಂಡುಗಳನ್ನು, ಕಂತು ಕಂತಾಗಿ ಮಾರುತ್ತಾರೆ. ಇವುಗಳ ಬಡ್ಡಿಗೆ ಕೇಂದ್ರದ ಆದಾಯತೆರಿಗೆ ಸಾಮಾನ್ಯವಾಗಿ ಇಲ್ಲವಾದುದರಿಂದ ಕೊಳ್ಳುವವರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ. ಬಂದ ಹಣದಿಂದ ಕಟ್ಟಡ ಏಳುತ್ತದೆ. ಅಸಲನ್ನೂ ಬಡ್ಡಿಯನ್ನೂ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ತೀರಿಸಲು ಬೇಕಾದಷ್ಟು ಹೆಚ್ಚುವರಿ ತೆರಿಗೆಯನ್ನು ಮನೆ, ಅಂಗಡಿ, ಕಾರ್ಖಾನೆ, ಜಮೀನುಗಳ ಮೇಲೆ ವರ್ಷ ವರ್ಷವೂ ವಸೂಲು ಮಾಡುತ್ತಾರೆ. ಇಂತಹ ಸಾಲಪತ್ರ ನಮ್ಮ ದೇಶಕ್ಕೂ ಅಪರಿಚಿತವಲ್ಲ. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯು ಬಾಂಡುಗಳ ಮೂಲಕ 125 ಕೋಟಿ ರೂಪಾಯಿಗಳನ್ನು ಎತ್ತಿತು. ಆದರೆ ಅದಕ್ಕಾಗಿ ನಗರವಾಸಿಗಳ ಮತವನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ.

ಸಾಲವೇಕೆ, ವರ್ಷದ ತೆರಿಗೆಯಿಂದಲೇ ಕಟ್ಟಬಾರದೇ ಎಂದು ಕೇಳಬಹುದು. ಕಟ್ಟಡವು ಐವತ್ತು ವರ್ಷ ನಿಲ್ಲುವ ವಸ್ತು. ಅದರ ವೆಚ್ಚವನ್ನೆಲ್ಲ ಈ ವರ್ಷದ ತೆರಿಗೆದಾರನ ತಲೆಯ ಮೇಲೆ ಹೊರಿಸಿದರೆ, ಹತ್ತು ವರ್ಷಗಳ ಮೇಲೆ ಊರಿಗೆ ಬಂದು ಅದೇ ಶಾಲೆಯಲ್ಲಿ ಮಕ್ಕಳನ್ನು ಓದಿಸುವವನು ಏನನ್ನೂ ಕೊಡದೆ ಪಾರಾಗುತ್ತಾನೆ. ಸಾಲವಾದರೆ ನೆರಳಲ್ಲಿ ಕೂರುವವರೆಲ್ಲರೂ ಮರಕ್ಕೆ ನೀರೆರೆದಂತಾಗುತ್ತದೆ. ಈ ತತ್ತ್ವದಿಂದಲೇ ಇನ್ನೊಂದು ನಿಯಮವೂ ಹುಟ್ಟಿದೆ: ಬಾಂಡಿನ ಹಣದಿಂದ ಉಪಾಧ್ಯಾಯರಿಗೆ ಸಂಬಳ ಕೊಡುವಂತಿಲ್ಲ. ಇಂದು ಉಂಡ ಊಟದ ಲೆಕ್ಕವನ್ನು ಮೊಮ್ಮಕ್ಕಳ ಹೆಸರಿಗೆ ಬರೆಯಬಾರದಷ್ಟೆ.

ಕಟ್ಟಡದ ವಿಷಯದಲ್ಲಿ ಕ್ಯಾಲಿಫೋರ್ನಿಯದವರಿಗೆ ಇಷ್ಟು ಎಚ್ಚರ ಬಂದುದಕ್ಕೆ ಒಂದು ಘೋರ ಕಾರಣವುಂಟು. 1933ರ ಮಾರ್ಚ್ 10ರಂದು ಸಂಜೆ ಆರು ಗಂಟೆಗೆ ಕೆಲವು ನಿಮಿಷಗಳಿರುವಾಗ ಲಾಂಗ್ ಬೀಚ್ ನಗರದ ಸುತ್ತ ಭೂಕಂಪವಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. 70ರಷ್ಟು ಶಾಲೆಗಳು ಕುಸಿದುಬಿದ್ದವು. ಇನ್ನೂ 120ರಷ್ಟು ತೀವ್ರವಾಗಿ ಜಖಂಗೊಂಡವು. ಇಟ್ಟಿಗೆಯನ್ನು ಗಾರೆಯಲ್ಲಿ ಕೂರಿಸಿ, ಒಳಗೆ ಕಬ್ಬಿಣದ ಸರಳಿಲ್ಲದೆ ಎಬ್ಬಿಸಿದ್ದ ಗೋಡೆಗಳವು. ಹೊರಗಿನಿಂದ ನೋಡಿದರೆ ಭವ್ಯವಾಗಿದ್ದುವು. ಶಾಲೆಗಳು ಬಿಟ್ಟು ಕೆಲವು ಗಂಟೆಗಳಾಗಿದ್ದುದರಿಂದ ತರಗತಿಗಳಲ್ಲಿ ಮಕ್ಕಳಿರಲಿಲ್ಲ. ಅದೇ ಭೂಕಂಪವು ಮಧ್ಯಾಹ್ನ ಆಗಿದ್ದರೆ ಏನಾಗುತ್ತಿತ್ತೆಂಬುದನ್ನು ಪ್ರತಿಯೊಬ್ಬ ತಾಯಿಯೂ ಮರುದಿನ ಕಣ್ಣಾರೆ ನೋಡಿ ತಿಳಿದಳು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು, ಫೀಲ್ಡ್ ಕಾಯಿದೆ ಜಾರಿಗೆ ಬಂದಿತು. ಅದರಂತೆ ಸಾರ್ವಜನಿಕ ಶಾಲೆಯ ನಕ್ಷೆಗಳನ್ನು ರಾಜ್ಯದ ವಾಸ್ತುಶಿಲ್ಪ ಇಲಾಖೆಯವರು ಪರೀಕ್ಷಿಸಿ ಒಪ್ಪಬೇಕು. ಕೆಲಸ ನಡೆಯುವಾಗಲೂ ತನಿಖೆಯಾಗಬೇಕು. ಕಾಯಿದೆಯು ಗೋಡೆ ಹೇಗಿರಬೇಕೆಂದು ಹೇಳಿತು. ಗೋಡೆಗೆ ಬೇಕಾದ ಹಣವನ್ನು ಮಾತ್ರ ಊರವರ ಮತಕ್ಕಾಗಿ ಕಾಯುವಂತೆ ಬಿಟ್ಟಿತು.

ಆ ಮತ ಸುಲಭವಾಗಿ ದೊರೆಯುವಂತಹದಲ್ಲ. ರಾಜ್ಯದ 1879ರ ಸಂವಿಧಾನದಂತೆ ಇಂತಹ ಸಾಲಕ್ಕೆ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಒಪ್ಪಿಗೆ ಬೇಕು. ಸಾಲದ ವಿಷಯದಲ್ಲಿ ಈ ಕಟ್ಟು ತಪ್ಪೆಂದು ಹೇಳಲಾಗದು. ಆದರೆ ಇದರ ಅರ್ಥವೇನೆಂದರೆ, ಬೇಡವೆನ್ನುವ ಒಬ್ಬನ ಮತ ಬೇಕೆನ್ನುವ ಇಬ್ಬರ ಮತಕ್ಕೆ ಸಮ. ಇದರ ಮೇಲೆ 1978ರಲ್ಲಿ 13ನೆಯ ಪ್ರಸ್ತಾವವೆಂದು ಪ್ರಸಿದ್ಧವಾದ ತಿದ್ದುಪಡಿಯನ್ನು ಜನರೇ ಅಂಗೀಕರಿಸಿದರು. ಆಸ್ತಿತೆರಿಗೆಯು ನೂರಕ್ಕೆ 1ನ್ನು ಮೀರಕೂಡದು. ಆಸ್ತಿಯ ಕೈ ಬದಲಾಗುವವರೆಗೂ ಅದರ ತೆರಿಗೆಮೌಲ್ಯವನ್ನು ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚಾಗಿ ಏರಿಸಕೂಡದು ಎಂಬುದು ಅದರ ಸಾರ. ಮನೆಯ ಬೆಲೆಯೊಡನೆ ತೆರಿಗೆಯೂ ಏರಿ ವೃದ್ಧರು ಮನೆ ಮಾರಿಕೊಳ್ಳುವ ಸ್ಥಿತಿ ಬಂದಿದ್ದುದು ಆ ತಿದ್ದುಪಡಿಗೆ ಕಾರಣ. ಆದರೆ ಮಿತಿಯನ್ನು ಮೀರಿ ತೆರಿಗೆ ಹಾಕುವ ದಾರಿಯೇ ಮುಚ್ಚಿಹೋದುದರಿಂದ, 1986ರಲ್ಲಿ ಮತ್ತೊಂದು ತಿದ್ದುಪಡಿ ಆಗುವವರೆಗೂ ಶಾಲೆಗಳಿಗೆ ಈ ಬಗೆಯ ಹೊಸ ಸಾಲವೆತ್ತುವುದು ಅಸಾಧ್ಯವಾಯಿತು.

ಇದರ ಫಲವನ್ನು ಅನುಭವಿಸಿದವರು ಲಾಸ್ ಏಂಜಲಿಸ್ಸಿನ ಮಕ್ಕಳು. ಊರು ಬೆಳೆಯಿತು, ಶಾಲೆಗಳು ಬೆಳೆಯಲಿಲ್ಲ. ಆಟದ ಬಯಲುಗಳಲ್ಲಿ ತಾತ್ಕಾಲಿಕ ಕೊಠಡಿಗಳು ತುಂಬಿದವು. ಸಾವಿರಾರು ಮಕ್ಕಳನ್ನು ದೂರದ ಶಾಲೆಗಳಿಗೆ ಬಸ್ಸಿನಲ್ಲಿ ಸಾಗಿಸಬೇಕಾಯಿತು. ಕೆಲವು ಶಾಲೆಗಳಲ್ಲಿ ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ, ಒಂದು ತಂಡಕ್ಕೆ ರಜೆಯಿದ್ದಾಗ ಇನ್ನೊಂದು ತಂಡವು ಅದೇ ಬೆಂಚುಗಳಲ್ಲಿ ಕೂರುವಂತೆ ವರ್ಷವಿಡೀ ಶಾಲೆ ನಡೆಸಿದರು. ಇಂತಹ ಒಂದು ಕ್ರಮದಲ್ಲಿ ವಿದ್ಯಾರ್ಥಿಗೆ ಸಿಕ್ಕುತ್ತಿದ್ದುದು ವರ್ಷಕ್ಕೆ 180 ದಿನಗಳ ಬದಲು 163 ದಿನಗಳ ಪಾಠ. ದಿನದ ಅವಧಿಯನ್ನು ಕೊಂಚ ಲಂಬಿಸಿ ಲೆಕ್ಕವನ್ನು ಸರಿದೂಗಿಸಿದ್ದರೂ, ವರ್ಷಕ್ಕೆ ಹದಿನೇಳು ದಿನಗಳನ್ನು ಕಳೆದುಕೊಂಡ ಮಗುವಿಗೆ ಲೆಕ್ಕದ ಸಮಾಧಾನದಿಂದೇನು? 1996ರ ನವೆಂಬರಿನಲ್ಲಿ 240 ಕೋಟಿ ಡಾಲರುಗಳ ಸಾಲವನ್ನು ಮತಕ್ಕಿಟ್ಟಾಗ ನೂರಕ್ಕೆ 65ಕ್ಕೂ ಮಿಕ್ಕ ಮತದಾರರು ಒಪ್ಪಿದರು. ಆದರೂ ಅದು ಸೋತಿತು, ಮೂರರಲ್ಲಿ ಎರಡು ಪಾಲಿಗೆ ಕೂದಲೆಳೆಯಷ್ಟು ಕಡಿಮೆಯಾಗಿತ್ತಾದುದರಿಂದ. 1997ರ ಏಪ್ರಿಲಿನಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 71ರಷ್ಟು ಮತ ಬಂದಿತು. ಅನಂತರ 2002, 2004, 2005, 2008ರಲ್ಲಿಯೂ ಜನರು ಸಾಲಗಳನ್ನು ಒಪ್ಪಿದರು. ಈ ಕಾರ್ಯಕ್ರಮದಲ್ಲಿ 130ಕ್ಕೂ ಹೆಚ್ಚು ಹೊಸ ಶಾಲೆಗಳು ಎದ್ದವು. ಪಾಳಿಯ ಶಾಲಾವರ್ಷವೂ ಕ್ರಮೇಣ ಇಲ್ಲವಾಯಿತು.

ಈ ನಡುವೆ 2000ದ ನವೆಂಬರಿನಲ್ಲಿ 39ನೆಯ ಪ್ರಸ್ತಾವವೆಂಬ ತಿದ್ದುಪಡಿಯಿಂದ, ಶಾಲಾ ಸಾಲಕ್ಕೆ ಬೇಕಾದ ಮತವು ನೂರಕ್ಕೆ 55ಕ್ಕೆ ಇಳಿಯಿತು. ಆ ತಿದ್ದುಪಡಿಗೇ ಬಂದ ಮತ ನೂರಕ್ಕೆ 53ರ ಸುಮಾರು ಎಂಬುದು ಒಂದು ವಿನೋದ. ಮೆಟ್ಟಿಲನ್ನು ತಗ್ಗಿಸಿದುದಕ್ಕೆ ಬದಲಾಗಿ ಕಟ್ಟಳೆಗಳನ್ನು ಬಿಗಿಮಾಡಿದರು. ಮಾಡುವ ಕೆಲಸಗಳ ಪಟ್ಟಿಯನ್ನು ಮತದಾರರಿಗೆ ಮೊದಲೇ ಕೊಡಬೇಕು. ವರ್ಷಕ್ಕೊಮ್ಮೆ ಹಣದ ಲೆಕ್ಕವನ್ನೂ ಕೆಲಸದ ಲೆಕ್ಕವನ್ನೂ ಹೊರಗಿನವರಿಂದ ಪರಿಶೋಧನೆ ಮಾಡಿಸಬೇಕು. ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾದುದು ನಾಗರಿಕರ ಮೇಲ್ವಿಚಾರಣಾ ಸಮಿತಿ. ಅದರಲ್ಲಿ ಕನಿಷ್ಠ ಏಳು ಜನರಿರಬೇಕು: ಒಬ್ಬರು ವ್ಯಾಪಾರಿಗಳ ಸಂಸ್ಥೆಯವರು, ಒಬ್ಬರು ಹಿರಿಯ ನಾಗರಿಕರ ಸಂಘದವರು, ಒಬ್ಬರು ತೆರಿಗೆದಾರರ ಸಂಘದವರು, ಮಕ್ಕಳ ತಂದೆತಾಯಿಗಳ ಪೈಕಿ ಇಬ್ಬರು, ಹೀಗೆ. ಜಿಲ್ಲೆಯ ನೌಕರರೂ ಕಂಟ್ರಾಕ್ಟುದಾರರೂ ಅದರೊಳಗೆ ಕಾಲಿಡುವಂತಿಲ್ಲ. ಸಾಲವನ್ನು ವಿರೋಧಿಸಬಹುದಾದ ತೆರಿಗೆದಾರರ ಸಂಘದವನನ್ನೇ ಕರೆತಂದು ಕಾವಲಿಗೆ ಕೂರಿಸಿರುವುದು ಜಾಣತನದ ಏರ್ಪಾಡು. ಆದರೆ ಸಮಿತಿಗೆ ಬೊಕ್ಕಸದ ಬೀಗದ ಕೈಯನ್ನು ಕೊಟ್ಟಿಲ್ಲ. ಅದು ನೋಡಬಹುದು, ಕೇಳಬಹುದು, ಜನರಿಗೆ ತಿಳಿಸಬಹುದು, ಅಷ್ಟೆ.

ಕಟ್ಟಳೆಯಿದ್ದ ಮಾತ್ರಕ್ಕೆ ವಿವೇಕವಿರುತ್ತದೆಂದು ಹೇಳಬರುವುದಿಲ್ಲ. ಸಾನ್ ಡಿಯೇಗೋ ಸಮೀಪದ ಪೋವೇ ಶಾಲಾ ಜಿಲ್ಲೆಯು 2011ರಲ್ಲಿ ಸುಮಾರು 10.5 ಕೋಟಿ ಡಾಲರುಗಳನ್ನು ಒಂದು ವಿಶೇಷ ಬಗೆಯ ಬಾಂಡುಗಳಿಂದ ಎತ್ತಿತು. ತೆರಿಗೆಯ ದರವನ್ನು ಏರಿಸುವುದಿಲ್ಲವೆಂದು ಜನರಿಗೆ ಮಾತು ಕೊಟ್ಟಿದ್ದರು. ಆದುದರಿಂದ ಸುಮಾರು ಇಪ್ಪತ್ತು ವರ್ಷಗಳವರೆಗೆ ಬಡ್ಡಿಯನ್ನೂ ಕೊಡದೆ ಅಸಲಿಗೆ ಸೇರಿಸುತ್ತ ಹೋಗುವ ಚಕ್ರಬಡ್ಡಿಯ ಏರ್ಪಾಡು ಮಾಡಿದರು. ತೀರಿಸಬೇಕಾದ ಒಟ್ಟು ಮೊತ್ತ ಸುಮಾರು 98 ಕೋಟಿ ಡಾಲರುಗಳಾಯಿತು, ಒಂದಕ್ಕೆ ಒಂಬತ್ತು ಪಟ್ಟು. 2011ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಇಪ್ಪತ್ತೆಂಟರ ಪ್ರಾಯಕ್ಕೆ ಬಂದಾಗ, 2033ರಲ್ಲಿ, ಈ ಸಾಲದ ಕಂತುಗಳು ಆರಂಭವಾಗುತ್ತವೆ. ಹಿಂದೆ ಹೇಳಿದ ತಲೆಮಾರುಗಳ ನ್ಯಾಯ ಇಲ್ಲಿ ತಲೆಕೆಳಗಾಯಿತು. ಈ ಸಂಗತಿ ದೇಶವೆಲ್ಲ ಹರಡಿದ ಮೇಲೆ, 2013ರಲ್ಲಿ ರಾಜ್ಯವು ಶಾಲಾ ಸಾಲಗಳ ಒಟ್ಟು ಮರುಪಾವತಿಯು ಅಸಲಿನ ನಾಲ್ಕರಷ್ಟನ್ನು ಮೀರಕೂಡದೆಂದೂ, ಬಡ್ಡಿಯನ್ನು ಅಸಲಿಗೆ ಸೇರಿಸುವ ಇಂತಹ ಬಾಂಡುಗಳ ಅವಧಿಯು 25 ವರ್ಷಗಳನ್ನು ದಾಟಕೂಡದೆಂದೂ ಶಾಸನ ಮಾಡಿತು.

ಇನ್ನು ಹೊರೆ ಯಾರ ಮೇಲೆ ಎಷ್ಟು ಬೀಳುತ್ತದೆಂಬ ಪ್ರಶ್ನೆ. 55ರ ನಿಯಮದಂತೆ ಒಂದು ಚುನಾವಣೆಯಲ್ಲಿ ಒಪ್ಪಿದ ಸಾಲಕ್ಕಾಗಿ, ಪ್ರಾಥಮಿಕದಿಂದ ಪ್ರೌಢಶಾಲೆಯವರೆಗೆ ಒಟ್ಟಾಗಿ ನಡೆಸುವ ಜಿಲ್ಲೆಯಲ್ಲಿ ಒಂದು ಲಕ್ಷ ಡಾಲರು ತೆರಿಗೆಮೌಲ್ಯಕ್ಕೆ ವರ್ಷಕ್ಕೆ 60 ಡಾಲರಿಗಿಂತ ಹೆಚ್ಚು ತೆರಿಗೆ ಬೀಳದೆಂಬ ಅಂದಾಜು ಇರಬೇಕು. ಒಂದೇ ಬೀದಿಯಲ್ಲಿ ಒಂದೇ ತೆರನಾದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದನ್ನು 1978ರಲ್ಲಿ 80 ಸಾವಿರ ಡಾಲರಿಗೆ ಕೊಂಡುದು. ನೂರಕ್ಕೆ 2ರ ಮಿತಿಯಂತೆ 2024ಕ್ಕೆ ಅದರ ತೆರಿಗೆಮೌಲ್ಯ ಹೆಚ್ಚೆಂದರೆ ಎರಡು ಲಕ್ಷ. ಪಕ್ಕದ ಮನೆಯನ್ನು 2024ರಲ್ಲಿ ಹತ್ತು ಲಕ್ಷಕ್ಕೆ ಕೊಂಡುದು. ಒಂದೇ ಶಾಲೆಗಾಗಿ ಹಳೆಯ ಯಜಮಾನನು 120 ಡಾಲರು ಕೊಟ್ಟರೆ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊಸದಾಗಿ ಬಂದ ದಂಪತಿಗಳು 600 ಡಾಲರು ಕೊಡಬೇಕು.

ಮನೆ ಮನೆಯ ತಾರತಮ್ಯಕ್ಕಿಂತ ಊರು ಊರಿನ ತಾರತಮ್ಯವು ದೊಡ್ಡದು. ಇಂತಹ ಜಿಲ್ಲೆಯ ಒಟ್ಟು ಸಾಲವು ಅಲ್ಲಿನ ಆಸ್ತಿಗಳ ಒಟ್ಟು ತೆರಿಗೆಮೌಲ್ಯದ ನೂರಕ್ಕೆ ಎರಡೂವರೆಯನ್ನು ಮೀರಬಾರದು. ಸಮುದ್ರತೀರದಲ್ಲಿ ಶ್ರೀಮಂತರ ಸೌಧಗಳಿರುವ ಊರಿನ ಆಸ್ತಿ 1,000 ಕೋಟಿ ಡಾಲರುಗಳಾದರೆ ಅದು 25 ಕೋಟಿ ಸಾಲವೆತ್ತಬಹುದು. ಹೊಲಗೆಲಸದವರೇ ತುಂಬಿರುವ ಒಳನಾಡಿನ ಊರಿನ ಆಸ್ತಿ 50 ಕೋಟಿಯಾದರೆ ಅದಕ್ಕೆ ದೊರೆಯುವುದು ಒಂದೂಕಾಲು ಕೋಟಿ ಮಾತ್ರ. ಎರಡು ಕಡೆಯೂ ಮಕ್ಕಳ ಸಂಖ್ಯೆ ಒಂದೇ ಆಗಿರಬಹುದು. ಇಟ್ಟಿಗೆ ಸಿಮೆಂಟಿನ ಬೆಲೆಯಂತೂ ಬಡವರಿಗೆಂದು ಇಳಿಯುವುದಿಲ್ಲ. ಬಡ ಊರಿನವರು ನೂರಕ್ಕೆ ನೂರು ಮತ ಕೊಟ್ಟರೂ ಈ ಅಂತರ ತುಂಬದು. ಮತದ ಹಕ್ಕು ಸಮವಾಗಿದ್ದರೂ ಮತದ ಫಲ ಸಮವಾಗಿಲ್ಲ.

ಇದನ್ನು ಸರಿಪಡಿಸಲೆಂದು ರಾಜ್ಯ ಸರ್ಕಾರವೂ ಇಡೀ ರಾಜ್ಯದ ಮತದಾರರ ಒಪ್ಪಿಗೆಯಿಂದ ಬಾಂಡು ಹೊರಡಿಸಿ ಜಿಲ್ಲೆಗಳಿಗೆ ಸಹಾಯಧನ ಕೊಡುತ್ತದೆ. 1998ರ ಏರ್ಪಾಡಿನಂತೆ ಹೊಸ ಕಟ್ಟಡಕ್ಕೆ ಅರ್ಧ ಹಣ ರಾಜ್ಯದ್ದು, ಅರ್ಧ ಜಿಲ್ಲೆಯದು. ಹಳೆಯದರ ಸುಧಾರಣೆಗೆ ಈಚಿನ ವರ್ಷಗಳಲ್ಲಿ ನೂರಕ್ಕೆ 60 ರಾಜ್ಯದ್ದು, 40 ಜಿಲ್ಲೆಯದು. ಆದರೆ ತನ್ನ ಪಾಲನ್ನು ಮೊದಲು ಹೊಂದಿಸಿಕೊಂಡವನಿಗೇ ರಾಜ್ಯದ ಪಾಲು. ಮೊದಲು ಅರ್ಜಿ ಹಾಕಿದವನಿಗೇ ಮೊದಲ ಸರದಿ. ನಕ್ಷೆ ಬರೆಸಲು, ಅರ್ಜಿ ತುಂಬಲು ತಜ್ಞರನ್ನು ಇಟ್ಟುಕೊಳ್ಳಬಲ್ಲ ಸಿರಿವಂತ ಜಿಲ್ಲೆಯೇ ಸಾಲಿನಲ್ಲಿ ಮುಂದೆ ನಿಂತಿತು. ತೀರ ಬಡ ಜಿಲ್ಲೆಗಳಿಗೆ ವಿಶೇಷ ಸಹಾಯದ ನಿಯಮವಿದ್ದರೂ ನಡುವಿನವರಿಗೆ ಅದು ದಕ್ಕಲಿಲ್ಲ. 2020ರ ಮಾರ್ಚಿನಲ್ಲಿ 1,500 ಕೋಟಿ ಡಾಲರುಗಳ ರಾಜ್ಯ ಸಾಲವನ್ನು ಮತದಾರರು ತಿರಸ್ಕರಿಸಿದರು. ಆ ಮತಪತ್ರದಲ್ಲಿ ಅದಕ್ಕೆ ಬಿದ್ದ ಸಂಖ್ಯೆಯೂ 13 ಆಗಿದ್ದು, 1978ರ ತೆರಿಗೆಮಿತಿಯನ್ನೇ ತೆಗೆಯುವರೋ ಎಂದು ಕೆಲವರು ಹೆದರಿದರೆಂದು ಆಗ ಹೇಳಿಕೊಂಡರು. 2024ರ ನವೆಂಬರಿನಲ್ಲಿ 1,000 ಕೋಟಿ ಡಾಲರುಗಳ ಮತ್ತೊಂದು ಪ್ರಸ್ತಾವ ಗೆದ್ದಿತು. ಅದರಲ್ಲಿ 850 ಕೋಟಿ ಶಾಲೆಗಳಿಗೆ, ಉಳಿದುದು ಸಮುದಾಯ ಕಾಲೇಜುಗಳಿಗೆ. ಆಸ್ತಿಯ ಬಲ ಕಡಿಮೆಯಿರುವ ಜಿಲ್ಲೆಗಳಿಗೆ ಸುಧಾರಣೆಯ ವೆಚ್ಚದಲ್ಲಿ ರಾಜ್ಯದ ಪಾಲು ನೂರಕ್ಕೆ 60ರಿಂದ 65ರವರೆಗೆ ಏರಬಹುದೆಂದು ಅದರಲ್ಲಿ ಗೊತ್ತುಮಾಡಿದ್ದಾರೆ. ಮೇಲೆ ಹೇಳಿದ ಒಳನಾಡಿನಂತಹ ಊರಿಗೆ, ನೂರು ಡಾಲರಿನ ಕೆಲಸದಲ್ಲಿ ತಾನು ಹೊಂದಿಸಬೇಕಾದುದು ನಲವತ್ತರ ಬದಲು ಮೂವತ್ತೈದು.